ಸ್ಪಾ ದಾಳಿಯಲ್ಲಿ ನಾನು ಮೊದಲು ಹುಡುಕುವುದು ಲೆಕ್ಕದ ಪುಸ್ತಕ

ಬೆಂಗಳೂರಿನಲ್ಲಿ ಸ್ಪಾ, ಮಸಾಜ್ ಪಾರ್ಲರ್‌ಗಳ ಮೇಲೆ ಪೊಲೀಸರು ದಾಳಿ ಮಾಡುವಾಗ ಪಂಚರಾಗಿ, ಅಂದರೆ ಶೋಧಕ್ಕೂ ಜಪ್ತಿಗೂ ಸಾಕ್ಷಿಯಾಗಿ, ಹೋಗುವ ಹೆಂಗಸರಲ್ಲಿ ನಾನೂ ಒಬ್ಬಳು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ (ಐಟಿಪಿ ಕಾಯ್ದೆ) 15ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ಶೋಧ ಮಾಡಬೇಕಾದರೆ ಇಬ್ಬರು ಪಂಚರು ಇರಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಕರೆತಂದ ಹೆಣ್ಣುಮಕ್ಕಳ ವಿಚಾರಣೆಯನ್ನು ಮಹಿಳಾ ಪೊಲೀಸರೇ ನಡೆಸಬೇಕು, ಅವರು ಸಿಗದಿದ್ದರೆ ಮಾನ್ಯತೆ ಪಡೆದ ಸಂಸ್ಥೆಯೊಂದರ ಮಹಿಳೆ ಎದುರಿಗಿರಬೇಕು. ಠಾಣೆಯಿಂದ ನಮ್ಮ ಸಂಸ್ಥೆಗೆ ಫೋನ್ ಬರುವುದು ಇದಕ್ಕಾಗಿ.

ನಾನು ಕೆಲಸ ಕಲಿತದ್ದು ಬೇರೆ ಕಡೆ. ಆನೇಕಲ್, ಹೊಸಕೋಟೆ ಸುತ್ತಿನ ಇಟ್ಟಿಗೆ ಗೂಡುಗಳಿಗೆ ಒಡಿಶಾದಿಂದ ಮುಂಗಡ ಪಡೆದು ಬಂದ ಕುಟುಂಬಗಳ ನಡುವೆ. ಅಲ್ಲಿ ಜೀತ ಇದೆಯೋ ಇಲ್ಲವೋ ಎಂದು ತಿಳಿಯಲು ಕೇಳುವ ಪ್ರಶ್ನೆಗಳು ಸರಳ. ಮುಂಗಡ ಎಷ್ಟು? ಕೂಲಿ ಎಷ್ಟು? ಊರಿಗೆ ಹೋಗುತ್ತೇನೆಂದರೆ ಬಿಡುತ್ತಾರಾ? ಸ್ಪಾಗಳಿಗೆ ಹೋಗಲು ಶುರು ಮಾಡಿದಾಗ ನನ್ನನ್ನು ಕಾಡಿದ್ದು, ಈ ಪ್ರಶ್ನೆಗಳನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂಬುದು. ಪೊಲೀಸರೇ ಕಳಿಸಿದ ನಕಲಿ ಗಿರಾಕಿ ಒಳಗೆ ಹೋಗುತ್ತಾನೆ, ಸನ್ನೆ ಸಿಗುತ್ತದೆ, ತಂಡ ನುಗ್ಗುತ್ತದೆ. ಕಾಂಡೋಮ್, ನಗದು, ಮೊಬೈಲ್, ಸ್ವೈಪಿಂಗ್ ಮಷಿನ್ ಜಪ್ತಿಯಾಗುತ್ತವೆ. ಆ ಕೋಣೆಯಲ್ಲಿ ಏನು ನಡೆಯಿತು ಎನ್ನುವುದಷ್ಟೇ ಹೇಳಿಕೆಯಲ್ಲಿ ಬರುತ್ತದೆ.

ಒಂದು ದಾಳಿ ಚೆನ್ನಾಗಿ ನೆನಪಿದೆ. ರಿಸೆಪ್ಷನ್ ಮೇಜಿನ ಡ್ರಾಯರಿನಲ್ಲಿ, ಎಣ್ಣೆ ಬಾಟಲಿಗಳ ಬಿಲ್ಲುಗಳ ಅಡಿ, ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಒಬ್ಬೊಬ್ಬ ಹುಡುಗಿಗೂ ಒಂದೊಂದು ಪುಟ. ಮೇಲ್ಗಡೆ ಮುಂಗಡದ ಮೊತ್ತ. ಅದರ ಕೆಳಗೆ ಸಾಲಾಗಿ ರೈಲು ಟಿಕೆಟ್, ರೂಮ್ ಬಾಡಿಗೆ, ಯೂನಿಫಾರ್ಮ್, ಊಟ. ಆಮೇಲೆ ದಂಡಗಳು: ತಡವಾಗಿ ಬಂದದ್ದಕ್ಕೆ, ಗಿರಾಕಿ ದೂರು ಹೇಳಿದ್ದಕ್ಕೆ, ಫೋನಿನಲ್ಲಿ ಮಾತಾಡಿದ್ದಕ್ಕೆ. ಈಶಾನ್ಯದಿಂದ ಬಂದಿದ್ದ ಒಬ್ಬಳ ಪುಟದಲ್ಲಿ ತಿಂಗಳುಗಟ್ಟಲೆ ದುಡಿದ ಮೇಲೂ ಬಾಕಿ ಮೊತ್ತ ಮುಂಗಡಕ್ಕಿಂತ ಹೆಚ್ಚಾಗಿತ್ತು.

ಅಧಿಕಾರಿ ಅದನ್ನು ತಿರುವಿ ನೋಡಿ ಪಕ್ಕಕ್ಕಿಟ್ಟರು. “ಮೇಡಂ, ಅದು ಅವರ ಅಂಗಡಿ ಲೆಕ್ಕ. ನಮ್ಮ ಕೇಸಿಗೆ ಬೇಕಾಗಲ್ಲ.”

“ಸರ್, ನನ್ನ ಪ್ರಕಾರ ಕೇಸ್ ಇರೋದೇ ಅದರಲ್ಲಿ. ಅದನ್ನ ಮಹಜರಿನಲ್ಲಿ ಸೇರಿಸದೆ ನಾನು ಸಹಿ ಹಾಕಲ್ಲ” ಎಂದೆ. ಸ್ವಲ್ಪ ಹೊತ್ತು ವಾದ ನಡೆಯಿತು. ಕೊನೆಗೆ ಜಪ್ತಿ ಪಟ್ಟಿಯ ಕಡೇ ಸಾಲಿನಲ್ಲಿ ಅದು ಸೇರಿತು. ಅಂದಿನಿಂದ ಇದು ನನ್ನ ಪದ್ಧತಿಯಾಗಿದೆ.

ಹುಡುಗಿಯರ ಜೊತೆ ಮಾತಿಗೆ ಕೂತಾಗಲೂ ಹಾಗೆಯೇ. ಮ್ಯಾನೇಜರ್ “ನಾನೇ ಹೇಳ್ತೀನಿ ಮೇಡಂ, ಅವಳಿಗೆ ಹಿಂದಿ ಅಷ್ಟು ಬರಲ್ಲ” ಎಂದು ಮುಂದೆ ಬಂದರೆ ಒಪ್ಪುವುದಿಲ್ಲ. ಮಿಜೋ, ಮಣಿಪುರಿ, ನೇಪಾಳಿ ಬಲ್ಲವರ ನಂಬರು ನನ್ನ ಫೋನಿನಲ್ಲಿವೆ, ಅವರಿಗೆ ಕರೆ ಮಾಡಿ ಮಾತಾಡಿಸುತ್ತೇನೆ. ಆಧಾರ್ ಕಾರ್ಡ್ ಯಾರ ಹತ್ತಿರ ಇದೆ? ರಾತ್ರಿ ಮಲಗುವ ರೂಮಿನ ಬೀಗದ ಕೈ ಯಾರ ಬಳಿ? ಕಳೆದ ಸಲ ರಜೆ ಸಿಕ್ಕಾಗ ಎಲ್ಲಿಗೆ ಹೋಗಿದ್ದೆ? ನಾಳೆಯಿಂದ ಬರಲ್ಲ ಅಂದರೆ ಏನು ಮಾಡುತ್ತಾರೆ? ಕೋಣೆಯೊಳಗಿನ ವಿಷಯ ಕೇಳಿದರೆ ತಲೆ ತಗ್ಗಿಸಿ ಸುಮ್ಮನಾಗುವವರು ಸಂಬಳದ ಮಾತು ಬಂದ ಕೂಡಲೇ ಲೆಕ್ಕ ಒಪ್ಪಿಸುತ್ತಾರೆ, ಸಿಟ್ಟಿನಿಂದ. ನೋಟ್‌ಬುಕ್ಕಿನ ಆ ಹುಡುಗಿ ಹೇಳಿದ್ದು, “ದೀದಿ, ಮಸಾಜ್ ಕೆಲಸ ನಂಗೆ ಬರುತ್ತೆ, ಅದಕ್ಕೇ ಬಂದೆ. ಈ ಸಾಲ ಮಾತ್ರ ಯಾವಾಗ ತೀರುತ್ತೆ ಅಂತ ಗೊತ್ತಾಗ್ತಿಲ್ಲ.”

ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಗದ್ದೆಗೂ ಗೂಡಿಗೂ ಸೀಮಿತವಾದದ್ದಲ್ಲ. ಜೀತದ ಸಾಲ ಅಲ್ಲಿಗೇ ರದ್ದು, ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ (ದಿಲ್ಲಿ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಇನ್ನೂ ಮುಖ್ಯವಾದದ್ದು, ಜೀತ ವಿಮುಕ್ತರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ಪರಿಷ್ಕರಿಸಿದ ಯೋಜನೆಯಲ್ಲಿ ಮಸಾಜ್ ಪಾರ್ಲರ್ ಎಂದು ಹೆಸರಿಟ್ಟೇ ಬರೆದಿದ್ದಾರೆ. ಅಂಥ ಕಡೆ ಲೈಂಗಿಕ ಶೋಷಣೆಯಿಂದ ಪಾರಾಗಿ ಬಂದ ಮಹಿಳೆಗೆ ಅತಿ ಹೆಚ್ಚಿನ ನೆರವು, 3 ಲಕ್ಷ ರೂಪಾಯಿ. ತಕ್ಷಣ ಸಿಗುವ 30,000 ರೂಪಾಯಿವರೆಗಿನ ನೆರವಿಗೆ ಮಾಲೀಕನಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಈ ಸಾಲನ್ನು ಪ್ರಿಂಟ್ ಹಾಕಿಸಿ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಓದಿ ತೋರಿಸದೆ ಯಾರೂ ನಂಬುವುದಿಲ್ಲ.

ನೆರವು ಸಿಗಬೇಕಾದರೆ ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ, ಜೀತದಿಂದ ಮುಕ್ತಳಾಗಿದ್ದಾಳೆ ಎಂಬ ಬಿಡುಗಡೆ ಪತ್ರ ಕೊಡಬೇಕು. ದಾಳಿಯ ಕೇಸು ಐಟಿಪಿ ಕಾಯ್ದೆಯಡಿ ಮಾತ್ರ ದಾಖಲಾದರೆ ಫೈಲು ಅವರ ಕಚೇರಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಹಾಗಾಗಿ ದಾಳಿ ಮುಗಿದ ತಕ್ಷಣ ಎರಡು ಅರ್ಜಿ ಬರೆಯುತ್ತೇನೆ. ಒಂದು ಉಪವಿಭಾಗಾಧಿಕಾರಿಗೆ, ನೋಟ್‌ಬುಕ್ ಪುಟಗಳ ನಕಲಿನೊಂದಿಗೆ. ಇನ್ನೊಂದು ಕಾರ್ಮಿಕ ನಿರೀಕ್ಷಕರಿಗೆ. ಸ್ಪಾ ಕೂಡ ವಾಣಿಜ್ಯ ಸಂಸ್ಥೆ, ಅಲ್ಲಿ ಹಾಜರಿ ಪುಸ್ತಕ, ವೇತನ ಪುಸ್ತಕ, ವಾರದ ರಜೆ ಎಲ್ಲ ಇರಲೇಬೇಕು.

ತರಬೇತಿ ಸಭೆಗಳಲ್ಲಿ ಪೊಲೀಸರೊಂದಿಗೆ ಈ ಬಗ್ಗೆ ಬಹಳ ವಾದ ಮಾಡಿದ್ದೇನೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬಡಾವಣೆಯವರ ದೂರು ಬಂದರೆ ಅವರು ಸುಮ್ಮನೆ ಕೂರುವಂತಿಲ್ಲ. ಕೂಲಿಯ ಕೇಸಿಗೆ ದುಭಾಷಿ ಬೇಕು, ಬ್ಯಾಂಕ್ ಖಾತೆ ಜಾಲಾಡಬೇಕು, ಏಜೆಂಟನನ್ನು ಹುಡುಕಿ ಇನ್ನೊಂದು ರಾಜ್ಯಕ್ಕೆ ಹೋಗಬೇಕು. ದಾಳಿಯ ಫಲಿತಾಂಶ ಅದೇ ಸಂಜೆ ಪತ್ರಿಕಾ ಪ್ರಕಟಣೆಯಲ್ಲಿ ಬರುತ್ತದೆ. ಹದಿನೆಂಟು ತುಂಬದ ಮಗು ಒಳಗಿದೆ ಎಂಬ ಸುಳಿವು ಸಿಕ್ಕರೆ ಚರ್ಚೆಯೇ ಇಲ್ಲ, ಆ ಕ್ಷಣ ಬಾಗಿಲು ಒಡೆಯಬೇಕು.

ಆದರೆ ವಯಸ್ಕ ಹೆಂಗಸರ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಸ್ವಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿರುವವರನ್ನು ದಾಳಿಯಲ್ಲಿ ಬಂಧಿಸಬಾರದು, ದಂಡಿಸಬಾರದು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಶಿಫಾರಸು ಮಾಡಿದೆ, ದಾಳಿಯಲ್ಲಿ ಸಿಕ್ಕವರ ಗುರುತು ಮಾಧ್ಯಮದಲ್ಲಿ ಬರಬಾರದು ಎಂದು 2022ರ ಮೇ ತಿಂಗಳಲ್ಲಿ ಕೋರ್ಟೇ ನಿರ್ದೇಶನ ಕೊಟ್ಟಿದೆ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹುಡುಗಿಯರ ಸಾಲು ಕ್ಯಾಮೆರಾ ಮುಂದೆ ನಿಲ್ಲುವುದನ್ನು ಆಮೇಲೂ ಕಂಡಿದ್ದೇನೆ. ಸಂರಕ್ಷಣಾ ಗೃಹಕ್ಕೆ ಕಳಿಸಿದರೆ ಒಂದರಿಂದ ಮೂರು ವರ್ಷದವರೆಗೂ ಇಡಲು ಐಟಿಪಿ ಕಾಯ್ದೆಯ 17ನೇ ಕಲಂ ಅವಕಾಶ ಕೊಡುತ್ತದೆ. ತಪ್ಪು ಮಾಡದವಳು ಒಳಗೆ, ಮುಂಗಡ ಕೊಟ್ಟ ಮಾಲೀಕ ಜಾಮೀನಿನ ಮೇಲೆ ಹೊರಗೆ. ಇದನ್ನು ರಕ್ಷಣೆ ಎಂದು ಕರೆಯಲು ನನ್ನಿಂದಾಗದು.

ಇನ್ನೊಂದು ಕಡೆ, ದಾಳಿಯನ್ನೇ ಪೂರ್ತಿ ನಿಲ್ಲಿಸಿ ಎನ್ನುವ ಗೆಳತಿಯರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಬೀಗದ ಕೈ ಮ್ಯಾನೇಜರನ ಜೇಬಿನಲ್ಲಿದ್ದದ್ದನ್ನು ನಾನು ನೋಡಿದ್ದೇನೆ. ಯಾರಾದರೂ ಆ ಬಾಗಿಲಿಗೆ ಹೋಗಲೇಬೇಕು. ಹೋದವರು ಏನು ಕೇಳಬೇಕು ಎಂಬುದಷ್ಟೇ ನನ್ನ ತಕರಾರು. ಮನುಷ್ಯರ ಸಾಗಣೆಯನ್ನೂ ಬಿಟ್ಟಿ ದುಡಿಮೆಯನ್ನೂ ಸಂವಿಧಾನ 23ನೇ ವಿಧಿಯೊಂದರಲ್ಲೇ ನಿಷೇಧಿಸಿದೆ. ಅವನ್ನು ಎರಡು ಇಲಾಖೆಗಳಿಗೆ ಹಂಚಿದ್ದು ನಾವು.

ನೋಟ್‌ಬುಕ್ಕಿನ ಹುಡುಗಿಗೆ ಬಿಡುಗಡೆ ಪತ್ರ ಸಿಕ್ಕಿತು, ಓಡಾಟ ಸಾಕಷ್ಟಾದ ಮೇಲೆ. ಜೊತೆಗಿದ್ದ ಇಬ್ಬರು ವಿಚಾರಣೆಗೆ ಮೊದಲೇ ಊರಿಗೆ ಹೋಗಿಬಿಟ್ಟಿದ್ದರಿಂದ ಅವರಿಗೆ ಸಿಗಲಿಲ್ಲ. ಆದ್ದರಿಂದ ಈಗ ಪ್ರತಿ ಸಭೆಯಲ್ಲೂ ಕೇಳುವುದು ಒಂದೇ: ದಾಳಿ ತಂಡದಲ್ಲಿ ಮೊದಲ ದಿನವೇ ಕಾರ್ಮಿಕ ನಿರೀಕ್ಷಕರೂ ಇರಲಿ, ಉಪವಿಭಾಗಾಧಿಕಾರಿಯ ಮುಂದೆ ಹೇಳಿಕೆ ಆಗುವವರೆಗೆ ಯಾರಿಗೂ ರೈಲು ಟಿಕೆಟ್ ಮಾಡಿಸಬೇಡಿ, ಅವರಾಗಿ ಕೇಳದ ಹೊರತು.