ದಿರ್ಹಂ ಕೈಗೆ ಬಂದಾಗ ಏನು ಮಾಡಬೇಕು

ಬದಿಯಡ್ಕ, ಕುಂಬಳೆ ಕಡೆಯಿಂದ ಮಗಳ ಮನೆ, ತಮ್ಮನ ಮನೆ ಅಂತ ತಿಂಗಳ ಮಟ್ಟಿಗೆ ದುಬೈಗೆ ಹೋಗಿ ಬರುವವರು ಜಾಸ್ತಿ. ಆದರೆ ಎಷ್ಟೋ ಜನ ಅಲ್ಲಿನ ದುಡ್ಡಾದ ದಿರ್ಹಂ ಅನ್ನು ಮುಟ್ಟುವುದೇ ಇಲ್ಲ. ಎಲ್ಲದಕ್ಕೂ ಅಳಿಯನ ಕಾರ್ಡು. ಹಾಗೆ ಮಾಡಬೇಡಿ. ಸ್ವಲ್ಪ ದುಡ್ಡು ನಿಮ್ಮ ಕೈಯಲ್ಲೇ ಇರಲಿ, ಅದರ ಖುಷಿಯೇ ಬೇರೆ.

ರೂಪಾಯಿ ಕೊಟ್ಟು ದಿರ್ಹಂಗೆ ಬದಲಾಯಿಸುವಾಗ ರೇಟು ಮಾತ್ರ ಕೇಳಬೇಡಿ. ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಎರಡು ಕಡೆ ಕೇಳಿ. ದೊಡ್ಡ ನೋಟು ಬೇಡ, 5, 10, 20ರ ನೋಟು ಮತ್ತು ಒಂದಿಷ್ಟು ಚಿಲ್ಲರೆ ಕೇಳಿ ಪಡೆಯಿರಿ.

ಆಮೇಲೆ ಮೇಜಿನ ಮೇಲೆ ಹರಡಿಕೊಂಡು ಕೂತು ನೋಡಿ. ಒಂದು ದಿರ್ಹಂ ನಾಣ್ಯದಲ್ಲಿ ಅರಬ್ಬರ ಕಾಫಿ ಹೂಜಿ ಇದೆ. ದಿರ್ಹಂನ ನೂರರಲ್ಲೊಂದು ಪಾಲು ಫಿಲ್ಸ್; 25 ಫಿಲ್ಸ್‌ನಲ್ಲಿ ಜಿಂಕೆ, 50 ಫಿಲ್ಸ್‌ಗೆ ಏಳು ಮೂಲೆ. ಕಿಸೆಯೊಳಗೆ ಬೆರಳಾಡಿಸಿದರೂ ಗೊತ್ತಾಗುತ್ತದೆ. ಅರಬ್ಬಿ ಅಂಕಿ ಮಾತ್ರ ಮೊದಲು ಗೊಂದಲ ಮಾಡುತ್ತದೆ, ಯಾಕಂದ್ರೆ ಅವರ ಐದು ನಮ್ಮ ಸೊನ್ನೆಯ ಹಾಗೆ ಗುಂಡಗೆ, ಅವರ ಸೊನ್ನೆ ಬರೀ ಒಂದು ಚುಕ್ಕೆ. ನೋಟಿನ ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಇರುತ್ತದೆ, ಎರಡನ್ನೂ ತಾಳೆ ನೋಡಿದರೆ ಅರ್ಧ ಗಂಟೆಯಲ್ಲಿ ಕಲಿಯಬಹುದು.

ಇನ್ನೊಂದು ವಿಷಯ. 1966ರ ತನಕ ಆ ಕಡೆಯ ಹಲವು ಊರುಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಅವರಿಗಾಗಿ ಬೇರೆ ಬಣ್ಣದ ನೋಟು ಕೂಡ ತಂದಿತ್ತು. ದಿರ್ಹಂ ಬಂದದ್ದು 1973ರಲ್ಲಿ. ಒಮಾನಿನಲ್ಲಿ ಇವತ್ತಿಗೂ ಚಿಲ್ಲರೆಗೆ ಬೈಸಾ ಅಂತಾರೆ, ನಮ್ಮ ಪೈಸೆಯೇ ಅದು! ಅಲ್ಲಿ ಒಂದು ರಿಯಾಲಿಗೆ ಸಾವಿರ ಬೈಸಾ, ಎಣಿಸುವಾಗ ಜಾಗ್ರತೆ.

ಅಮ್ಮನನ್ನು ಕರೆದುಕೊಂಡು ಹೋದಾಗ ಮೊದಲ ಎರಡು ದಿನ ಅವರು ಚಾ ಕುಡಿಯಲಿಲ್ಲ. ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ, "ಇಷ್ಟು ದುಡ್ಡಿಗೆ ಮನೆಯಲ್ಲಿ ವಾರವಿಡೀ ಚಾ ಆಗ್ತದೆ" ಅಂತ ಲೋಟ ದೂರ ಇಡುತ್ತಿದ್ದರು. ಮೂರನೇ ದಿನ ಅವರ ಎಲೆಯಡಿಕೆ ಚೀಲಕ್ಕೆ ಹತ್ತು ದಿರ್ಹಂ ಚಿಲ್ಲರೆ ಹಾಕಿ, ಇದು ಇವತ್ತಿನದು, ಲೆಕ್ಕ ಬೇಡ ಅಂದೆ. ಸಂಜೆ ಖಾರಿಯ ಒಂದು ದಡದ ದೇರಾದಿಂದ ಇನ್ನೊಂದು ದಡದ ಬರ್ ದುಬೈಗೆ ಅಬ್ರಾ ದೋಣಿ ಹತ್ತಿದೆವು. ಒಬ್ಬರಿಗೆ ಒಂದು ದಿರ್ಹಂ. ದೋಣಿಯವನು ಕೈ ಚಾಚಿದಾಗ ಅಮ್ಮ ಚೀಲದ ದಾರ ಬಿಚ್ಚಿ, ಹೂಜಿಯ ಚಿತ್ರ ಮೇಲೆ ಮಾಡಿ ಎರಡು ನಾಣ್ಯ ಅವನ ಅಂಗೈಗೆ ಇಟ್ಟರು. ಇಳಿದ ಮೇಲೆ, "ಇನ್ನೊಂದು ಸಲ ಹೋಗುವನಾ?" ಅಂದರು. ಹೋದೆವು. ನಿಮಗೂ ಅದೇ ಹೇಳುವುದು: ದಿನಕ್ಕೆ ಇಷ್ಟು ಅಂತ ತೆಗೆದಿಡಿ, ಅದನ್ನು ಮಾತ್ರ ಗುಣಿಸಬೇಡಿ. ದೊಡ್ಡ ಖರ್ಚಿಗೆ ಲೆಕ್ಕ ಖಂಡಿತ ಹಾಕಿ.

ನಿಮ್ಮದೇ ಕಾರ್ಡ್ ಉಜ್ಜುವುದಾದರೆ ಯಂತ್ರ ರೂಪಾಯಿಯಾ ದಿರ್ಹಮಾ ಅಂತ ಕೇಳಬಹುದು. ದಿರ್ಹಮೇ ಒತ್ತಿ. ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ಆ ಯಂತ್ರದವರ ರೇಟಿನಲ್ಲಿ ಜಾಸ್ತಿ ಹೋಗುತ್ತದೆ.

ವಾಪಸ್ ಬರುವ ಮೊದಲು ಚಿಲ್ಲರೆ ಖರ್ಚು ಮಾಡಿ, ಊರಿನಲ್ಲಿ ನೋಟು ಬದಲಾಯಿಸುವವರು ಸಾಮಾನ್ಯವಾಗಿ ನಾಣ್ಯ ತಗೊಳ್ಳುವುದಿಲ್ಲ. 2,000 ಡಾಲರ್ ಮೌಲ್ಯದ ತನಕ ನೋಟು ನಾವೇ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದದ್ದನ್ನು 180 ದಿನದೊಳಗೆ ಬದಲಾಯಿಸಬೇಕು. ನಾಣ್ಯಕ್ಕೆ ಮಿತಿಯೇ ಇಲ್ಲ, ಮಕ್ಕಳಿಗೆ ಅಂತ ಒಂದು ಹಿಡಿ ತನ್ನಿ.