ಕಬಡ್ಡಿ ತಂಡದ ಅಂಗಿಗೆ ಹೋರಿ ಬಿಡಿಸುವ ಬಗೆ

ದೀಪಾವಳಿ ಹತ್ತಿರ ಬಂದರೆ ಹಾವೇರಿಯಲ್ಲಿ ನನ್ನ ಕುಂಚಕ್ಕೆ ಬಿಡುವಿರುವುದಿಲ್ಲ. ಹೋರಿಗಳನ್ನು ಓಡಲು ಬಿಡುವ ಹೋರಿ ಹಬ್ಬಕ್ಕೆ, ಬೆನ್ನಿಗೆ ಹೊದಿಸುವ ಜೂಲದ ಮೇಲೆ ಅವುಗಳ ಹೆಸರು ಬರೆಯುವುದು ನನ್ನ ಕೆಲಸ. ಹೋದ ವರ್ಷ ಪಕ್ಕದ ಊರಿನ ಹುಡುಗರು ಬಂದು, "ಅಣ್ಣಾ, ನಮ್ಮ ಕಬಡ್ಡಿ ತಂಡದ ಅಂಗಿಗೆ ಒಂದು ಹೋರಿ ಬರೆದುಕೊಡಿ" ಎಂದು ಮೊಬೈಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡಗಳ ಲಾಂಛನಗಳನ್ನು ತೋರಿಸಿದರು. ಆಗ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಕೋಡಿನಿಂದ ಆರಂಭಿಸಿ, ಮುಖದಿಂದಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಆಟಗಾರ ಫ್ರೆಡ್ ಗೆರ್ಕ್ ಚಿತ್ರಕಲೆ ಓದಿದವರು. 1948ರಲ್ಲಿ ತಂಡದ ಚರ್ಮದ ಹೆಲ್ಮೆಟ್‌ಗಳ ಮೇಲೆ ತಮ್ಮ ಕೈಯಿಂದಲೇ ಟಗರಿನ ಕೋಡು ಬರೆದರು, ರ‍್ಯಾಮ್ ಎಂದರೆ ಟಗರು. ಕಣ್ಣಿಲ್ಲ, ಮೂಗಿಲ್ಲ, ಎರಡು ಸುರುಳಿ ಕೋಡು ಅಷ್ಟೇ. ಅದನ್ನು ನೋಡಿದ ಯಾರಿಗೂ ಅದು ಟಗರೆಂದು ಹೇಳಿಕೊಡಬೇಕಾಗಿಲ್ಲ. ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ.

ಆದರೆ ಅವರ ಕೋಡನ್ನು ನಕಲು ಮಾಡಬೇಡಿ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ 1916ರಿಂದ ಬೀವೋ ಎಂಬ ಜೀವಂತ ಎತ್ತೇ ಲಾಂಛನ. ಒಂದು ಮುದಿಯಾದರೆ ಇನ್ನೊಂದು ಅದೇ ಹೆಸರಿನಲ್ಲಿ ಬರುತ್ತದೆ. ಅದರ ಕೋಡು ಎರಡೂ ಕಡೆಗೆ ತೋಳು ಚಾಚಿದಂತೆ ಅಡ್ಡಕ್ಕೆ ಹೋಗುತ್ತದೆ. ನಮ್ಮ ಅಮೃತಮಹಲ್ ಹೋರಿಯ ಕೋಡು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ವಾಲಿ, ತುದಿಯಲ್ಲಿ ಚೂಪಾಗುತ್ತದೆ. ಕೊಟ್ಟಿಗೆಗೆ ಹೋಗಿ ಪಕ್ಕದಿಂದ ಒಮ್ಮೆ, ಎದುರಿನಿಂದ ಒಮ್ಮೆ ನೋಡಿ ಬರೆಯಿರಿ. ತುದಿಗೆ ಹಿತ್ತಾಳೆಯ ಕೋಡಣಸು ತೊಡಿಸಿದರೆ ಊರಿನವರಿಗೆ ಅದು ತಮ್ಮ ಹೋರಿಯೇ ಆಗುತ್ತದೆ.

ಮೈಯ ವಿಷಯದಲ್ಲಿ ನಾನು ಎಡವಿದೆ. ಅಮೆರಿಕನ್ ಫುಟ್‌ಬಾಲ್ ಆಟಗಾರರು ಅಂಗಿಯೊಳಗೆ ಭುಜಕ್ಕೆ ಗಟ್ಟಿ ಕವಚ ತೊಡುತ್ತಾರೆ. ಅದಕ್ಕೇ ಅವರ ಕಾರ್ಟೂನುಗಳಲ್ಲಿ ಭುಜ ಬಾಗಿಲಿನಷ್ಟು ಅಗಲ, ಕಾಲು ಸಣ್ಣ. ನಾನೂ ಹಾಗೆಯೇ ಬರೆದೆ. ಹುಡುಗರು ಸುಮ್ಮನೆ ನೋಡುತ್ತ ನಿಂತರು. ಕಬಡ್ಡಿಯ ಬಲ ತೊಡೆಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಮರುದಿನ ಅಂಗಳಕ್ಕೆ ಹೋಗಿ ರೈಡರ್ ಗೆರೆ ದಾಟುವುದನ್ನು ನೋಡಿದೆ. ಮಂಡಿ ಮಡಿಚಿರುತ್ತದೆ, ಭಾರ ಮುಂಗಾಲಿನ ಬೆರಳಿನ ಮೇಲೆ, ಒಂದು ಕೈ ಚಾಚಿರುತ್ತದೆ. ಹೋರಿಯನ್ನು ಹಾಗೆ ನಿಲ್ಲಿಸಿ. ತೊಡೆ ದಪ್ಪವಾಗಲಿ, ಸೊಂಟ ಕೆಳಗಿಳಿಯಲಿ.

ಕಣ್ಣಿಗೆ ಕೆಂಪು ತುಂಬಬೇಡಿ. ಹುಬ್ಬನ್ನು ಮೂಗಿನ ಕಡೆಗೆ ಇಳಿಸಿ, ಕಣ್ಣುಗುಡ್ಡೆಯ ಮೇಲಿನ ಅರ್ಧವನ್ನು ಹುಬ್ಬಿನಿಂದ ಮುಚ್ಚಿ. ಸಿಟ್ಟು ತಾನಾಗಿ ಬರುತ್ತದೆ. ಹೋರಿ ಹಬ್ಬದಲ್ಲಿ ಹಗ್ಗ ಬಿಚ್ಚುವ ಮುಂಚೆ ಹೋರಿ ತಲೆ ತಗ್ಗಿಸಿ ನೋಡುತ್ತದಲ್ಲ, ಆ ನೋಟವೇ ಬೇಕು. ಕೊರಳಿಗೆ ಕೊಬ್ಬರಿ ಸರ ಬೇಕೆಂದು ಹುಡುಗರು ಕೇಳಿದರು. ಮೂರೇ ಬಟ್ಟಲು ಬರೆದೆ, ಸಾಲುಗಟ್ಟಲೆ ಬರೆದರೆ ಎದೆ ಮುಚ್ಚಿಹೋಗುತ್ತದೆ.

ಬಣ್ಣ ಮೂರು ಸಾಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಚೌಕಟ್ಟು ಬೇಕು, ಖರ್ಚೂ ಹಾಗೆಯೇ ಏರುತ್ತದೆ. ಹೊರಗೆರೆಯನ್ನು ದಪ್ಪಗೆ ಎಳೆಯಿರಿ.

ಅಚ್ಚಿಗೆ ಕೊಡುವ ಮುನ್ನ ಹಾಳೆಯನ್ನು ಗೋಡೆಗೆ ಅಂಟಿಸಿ, ಹತ್ತು ಮಾರು ದೂರದಲ್ಲಿ ಓಣಿಯ ಮಗುವೊಂದನ್ನು ನಿಲ್ಲಿಸಿ ಇದೇನೆಂದು ಕೇಳಿ. ಹೋರಿ ಎಂದರೆ ಅಚ್ಚಿಗೆ ಕಳಿಸಿ. ಎಮ್ಮೆ ಎಂದರೆ ಕೋಡನ್ನು ಅಳಿಸಿ ಮತ್ತೆ ಬರೆಯಿರಿ.