ಊರಿನ ಚರಿತ್ರೆಯಿಂದ ಮನೆತನದ ಬೇರು ಹುಡುಕುವ ಬಗೆ

ಹಳೆಯ ಮೈಸೂರು ಸೀಮೆಯ ಯಾವುದಾದರೂ ಹಳ್ಳಿಯ ಕಂದಾಯ ಪುಸ್ತಕವನ್ನು ತೆರೆದರೆ ಒಂದೇ ಪುಟದಲ್ಲಿ ‘ರಾಮೇಗೌಡ ಬಿನ್ ತಿಮ್ಮೇಗೌಡ’, ‘ತಿಮ್ಮೇಗೌಡ ಬಿನ್ ರಾಮೇಗೌಡ’, ‘ರಾಮೇಗೌಡ ಬಿನ್ ರಾಮೇಗೌಡ’ ಎಂಬ ಮೂವರು ಎದುರಾಗುವುದು ಅಪರೂಪವಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿರುವ ಕಡೆ ಹೆಸರುಗಳು ಒಂದು ತಲೆಮಾರು ಬಿಟ್ಟು ಮತ್ತೆ ಮರಳುತ್ತವೆ. ಅಡ್ಡಹೆಸರಿನ ರೂಢಿಯಿರುವ ಉತ್ತರ ಕರ್ನಾಟಕದಲ್ಲೂ ಕಷ್ಟ ತಪ್ಪಿದ್ದಲ್ಲ; ಪಾಟೀಲ, ಕುಲಕರ್ಣಿ, ದೇಸಾಯಿ ಎಂಬುವು ಹುದ್ದೆಯ ಹೆಸರುಗಳಾದ್ದರಿಂದ ನೆರೆಯೂರಿನ ಇಬ್ಬರು ಪಾಟೀಲರಿಗೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಹೆಸರೊಂದನ್ನೇ ಹಿಡಿದು ಹೊರಟವರು ಸಾಮಾನ್ಯವಾಗಿ ಮೂರನೆಯ ತಲೆಮಾರಿನಲ್ಲಿ ದಾರಿ ತಪ್ಪುತ್ತಾರೆ. ಊರು, ಹೊಲ, ಮನೆದೇವರು ಇವು ಹೆಸರಿಗಿಂತ ನಿಧಾನವಾಗಿ ಬದಲಾಗುವ ಸಂಗತಿಗಳು. ಹುಡುಕಾಟವನ್ನು ಅವುಗಳ ಮೇಲೆ ಕಟ್ಟುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮನೆಯೊಳಗಿನ ಸಾಕ್ಷ್ಯ

ಮನೆಯ ಹಿರಿಯರ ಬಳಿ ಕುಳಿತು ‘ಮುತ್ತಾತನ ತಂದೆಯ ಹೆಸರೇನು’ ಎಂದು ಕೇಳಿದರೆ ಹೆಚ್ಚಿನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಯಾರ ಮನೆಯಲ್ಲಿ ಸಾವಾದರೆ ನಮಗೆ ಸೂತಕ ಬರುತ್ತಿತ್ತು, ಯಾವ ಊರುಗಳಿಂದ ಹೆಣ್ಣು ತರುತ್ತಿದ್ದರು, ಯಾವ ಊರಿಗೆ ಹೆಣ್ಣು ಕೊಡುತ್ತಿರಲಿಲ್ಲ, ಮಗುವಿನ ಮುಡಿಯನ್ನು ಎಲ್ಲಿ ಕೊಡುತ್ತಿದ್ದರು ಎಂದು ಕೇಳಿದರೆ ಅದೇ ಹಿರಿಯರು ಗಂಟೆಗಟ್ಟಲೆ ಮಾತಾಡುತ್ತಾರೆ. ಸೂತಕ ಹಿಡಿಯುವ ಮನೆಗಳನ್ನು ಗುರುತು ಹಾಕಿಕೊಂಡರೆ ದಾಯಾದಿಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಬಾಂಧವ್ಯ ಹೇಗೆಂಬುದು ಮರೆತುಹೋಗಿ ಆಚರಣೆ ಮಾತ್ರ ಉಳಿದಿರುವ ಮನೆಗಳೇ ಇಲ್ಲಿ ಹೆಚ್ಚು ಬೆಲೆಯುಳ್ಳವು. ಶ್ರಾದ್ಧದ ಪದ್ಧತಿಯಿರುವ ಕುಟುಂಬಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರನ್ನು ಗೋತ್ರಸಹಿತ ಉಚ್ಚರಿಸುವುದರಿಂದ ಪುರೋಹಿತರ ಚೀಟಿಯೂ ಒಂದು ದಾಖಲೆಯೇ ಆಗುತ್ತದೆ.

ಮನೆದೇವರ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ: ದೇವರು ಚಿಕ್ಕದಾದಷ್ಟೂ ಸುಳಿವು ದೊಡ್ಡದು. ಮನೆದೇವರು ತಿರುಪತಿ ತಿಮ್ಮಪ್ಪ, ಸವದತ್ತಿಯ ಎಲ್ಲಮ್ಮ ಅಥವಾ ಮೈಲಾರಲಿಂಗ ಎಂದರೆ ಅದರಿಂದ ತಿಳಿಯುವುದು ಕಡಿಮೆ, ಏಕೆಂದರೆ ಆ ಕ್ಷೇತ್ರಗಳಿಗೆ ನಾಡಿನ ಮೂಲೆಮೂಲೆಯಿಂದ ಒಕ್ಕಲುಗಳಿವೆ. ಆದರೆ ನೂರು ಮೈಲಿ ಆಚೆಯ ಕುಗ್ರಾಮವೊಂದರ ಹೆಸರೇ ಕೇಳದ ಅಮ್ಮನಿಗೆ ಮೂರು ವರ್ಷಕ್ಕೊಮ್ಮೆ ಹೋಗಿ ಮಡಿಲಕ್ಕಿ ಕೊಟ್ಟುಬರುವ ರೂಢಿಯಿದ್ದರೆ, ಕುಟುಂಬ ಆ ಕಡೆಯಿಂದ ಬಂದಿರುವ ಸಂಭವ ಬಹಳ ಹೆಚ್ಚು. ಆ ಗುಡಿಯ ಪೂಜಾರಿಗೆ ಹರಕೆಯ ಒಕ್ಕಲುಗಳೆಲ್ಲ ಗೊತ್ತಿರುತ್ತವೆ. ಬೆಡಗು, ಬಳಿ, ಗೋತ್ರ ಎಂಬ ಕುಲದೊಳಗಿನ ಪಂಗಡಗಳ ಹೆಸರುಗಳನ್ನೂ ಬರೆದುಕೊಳ್ಳಬೇಕು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ತಾಯಿಯ ಕಡೆಯಿಂದ ಬರುತ್ತದೆಂಬುದನ್ನು ಮರೆತು ತಂದೆಯ ಸಾಲನ್ನು ಹುಡುಕುತ್ತ ಹೋದವರು ಬೇರೆಯವರ ವಂಶವೃಕ್ಷವನ್ನೇ ಬರೆದುಬಿಡುತ್ತಾರೆ. ಕೊಡಗಿನಲ್ಲಿ ಒಕ್ಕದ (ಮನೆತನದ) ಹೆಸರು ಮತ್ತು ಅದರ ಮೂಲಮನೆಯಾದ ಐನ್‌ಮನೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಟ್ರಂಕಿನ ತಳದಲ್ಲಿರುವ ಜಾತಕಗಳನ್ನು ಭವಿಷ್ಯಕ್ಕಾಗಿ ಅಲ್ಲ, ತಾರೀಖಿಗಾಗಿ ನೋಡಬೇಕು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ‘ಧಾತು ಸಂವತ್ಸರ’ ಎಂದಷ್ಟೇ ಇದ್ದರೆ ಅದು 1876–77 ಆಗಿರಬಹುದು, 1936–37 ಆಗಿರಬಹುದು. ತಿಥಿ, ವಾರ, ನಕ್ಷತ್ರ ಮೂರೂ ಇದ್ದಲ್ಲಿ ಹಳೆಯ ಪಂಚಾಂಗದೊಂದಿಗೆ ಹೋಲಿಸಿ ಒಂದನ್ನು ತಳ್ಳಿಹಾಕಬಹುದು. ಶಕವರ್ಷಕ್ಕೆ 78 ಕೂಡಿದರೆ, ಕಂದಾಯದ ಲೆಕ್ಕದಲ್ಲಿ ಬಳಸುತ್ತಿದ್ದ ಫಸಲಿ ವರ್ಷಕ್ಕೆ ಸುಮಾರು 590 ಕೂಡಿದರೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ಇದಕ್ಕೆ ಹೋಲಿಸಿದರೆ ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕ ನಂಬಿಕೆಗೆ ಅರ್ಹವಲ್ಲ. ಒಂದು ಕಾಲದ ಅರ್ಧ ನಾಡು ಜೂನ್ 1ರಂದೇ ಹುಟ್ಟಿದ್ದು ಮೇಷ್ಟ್ರುಗಳ ಕೃಪೆಯಿಂದ.

ನಿಮ್ಮ ಊರನ್ನು ಆಗ ಆಳಿದವರು ಯಾರು?

ಕಚೇರಿಗೆ ಹೆಜ್ಜೆಯಿಡುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು, ಏಕೆಂದರೆ ಕಾಗದಪತ್ರಗಳು ಕುಟುಂಬದ ಹಿಂದೆ ಹೋಗುವುದಿಲ್ಲ, ಸರ್ಕಾರದ ಹಿಂದೆ ಹೋಗುತ್ತವೆ. 1956ರ ನವೆಂಬರ್ 1ಕ್ಕಿಂತ ಮೊದಲು ಇಂದಿನ ಕರ್ನಾಟಕದ ಭಾಗಗಳು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು, ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಚಿಕ್ಕ ಸಂಸ್ಥಾನಗಳು ಎಂದು ಹರಿದುಹಂಚಿಹೋಗಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತು. ಹಾಗಾಗಿ ಶಿರಸಿಯ ಕುಟುಂಬವೊಂದರ ಹಳೆಯ ಕಡತ ಚೆನ್ನೈನಲ್ಲೂ ನಂತರದ್ದು ಮುಂಬಯಿಯಲ್ಲೂ ಇರಬಹುದು. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು.

ಲಿಪಿಯ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರಗಳ ಹಳೆಯ ಪತ್ರಗಳು ಮೋಡಿ ಲಿಪಿಯ ಮರಾಠಿಯಲ್ಲಿರುತ್ತವೆ. ಪೇಶ್ವೆಯವರ ಕಾಲದವು ಪುಣೆಯ ದಫ್ತರದಲ್ಲಿವೆ. ಕಲಬುರಗಿ, ಬೀದರ, ರಾಯಚೂರಿನವು ಉರ್ದುವಿನಲ್ಲಿ, ಅದಕ್ಕೂ ಹಿಂದಿನವು ಪಾರಸಿಯಲ್ಲಿರುತ್ತವೆ. ಅವುಗಳ ಬಹುಭಾಗವನ್ನು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ ಹುಡುಕಬೇಕು. ಮೈಸೂರು ಸಂಸ್ಥಾನದ ಕಾಗದಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ. ಮೋಡಿ ಓದಬಲ್ಲವರು ಈಗ ಕಡಿಮೆ. ಆದರೂ ನಿಮ್ಮ ಊರಿನ ಹೆಸರು ಮತ್ತು ಮನೆತನದ ಹೆಸರು ಮೋಡಿಯಲ್ಲಿ ಹೇಗೆ ಕಾಣುತ್ತವೆಂದು ಬಲ್ಲವರಿಂದ ಬರೆಸಿಟ್ಟುಕೊಂಡರೆ ಯಾವ ಪುಟವನ್ನು ಓದಿಸಬೇಕೆಂದಾದರೂ ನೀವೇ ಆರಿಸಬಹುದು.

ಹೊಲದ ಜಾಡು

ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಫಲ ಕೊಡುವುದು ಜಮೀನಿನ ದಾಖಲೆ. ಇಂದಿನ ಪಹಣಿಯಿಂದ ಆರಂಭಿಸಿ ಹಿಂದಕ್ಕೆ ಹೋಗಬೇಕು. ಪಹಣಿಯ 9ನೆಯ ಕಾಲಂನಲ್ಲಿ ಹಕ್ಕುದಾರರ ಹೆಸರು, 10ರಲ್ಲಿ ಆ ಹಕ್ಕು ಬಂದ ರೀತಿ ಮತ್ತು ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆ, 12ರಲ್ಲಿ ಸಾಗುವಳಿದಾರರ ವಿವರ ಇರುತ್ತದೆ. ಎಲ್ಲರೂ 9ನ್ನು ನೋಡಿ ಪಹಣಿಯನ್ನು ಮಡಚಿಡುತ್ತಾರೆ. ವಂಶ ಹುಡುಕುವವರು ನೋಡಬೇಕಾದದ್ದು 10ನ್ನು. ಅಲ್ಲಿರುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆಯನ್ನು ಹಿಡಿದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಅರ್ಜಿ ಕೊಟ್ಟರೆ ಆ ಮ್ಯುಟೇಷನ್‌ನ ನಕಲು ಸಿಗುತ್ತದೆ. ಅದರಲ್ಲಿ ಯಾರಿಂದ ಯಾರಿಗೆ ಖಾತೆ ಹೋಯಿತು, ಕ್ರಯವೋ ಪಾಲುಪಟ್ಟಿಯೋ ಪೌತಿಯೋ (ಸತ್ತವರಿಂದ ವಾರಸುದಾರರಿಗೆ ಬಂದದ್ದೋ) ಎಂಬುದು ಬರೆದಿರುತ್ತದೆ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು ಈಚಿನ ದಾಖಲೆಗಳು ಮಾತ್ರ. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್, ಸರ್ವೆ ಇಲಾಖೆಯ ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಇವುಗಳನ್ನು ಹೆಸರು ಹೇಳಿ ಬೇರೆ ಬೇರೆಯಾಗಿಯೇ ಕೇಳಬೇಕು.

ಪೌತಿ ಖಾತೆಯ ತಾರೀಖನ್ನು ಸಾವಿನ ತಾರೀಖೆಂದು ತಿಳಿಯಬಾರದು. ಮೊದಲ ಸಲ ನಾನು ಈ ತಪ್ಪನ್ನೇ ಮಾಡಿ ಮುತ್ತಾತನನ್ನು ಇಪ್ಪತ್ತು ವರ್ಷ ಹೆಚ್ಚು ಬದುಕಿಸಿದ್ದೆ. ಸಾಲಕ್ಕೋ ಮಾರಾಟಕ್ಕೋ ಅಗತ್ಯ ಬೀಳುವವರೆಗೆ ಖಾತೆಯನ್ನು ಸತ್ತವರ ಹೆಸರಿನಲ್ಲೇ ಬಿಡುವುದು ನಮ್ಮ ಕಡೆ ಮಾಮೂಲು. 42 ಎಂದಿದ್ದ ಸರ್ವೆ ನಂಬರು 42/1, 42/2, 42/3 ಎಂದು ಒಡೆದದ್ದು ಅಣ್ಣತಮ್ಮಂದಿರು ಬೇರೆಯಾದ ಕುರುಹಾಗಿರಬಹುದು, ಆದರೆ ಒಂದು ಹಿಸ್ಸಾವನ್ನು ಹೊರಗಿನವರು ಕೊಂಡಿದ್ದರೂ ಹಾಗೆಯೇ ಕಾಣುತ್ತದೆ. ಮ್ಯುಟೇಷನ್ ನೋಡದೆ ತೀರ್ಮಾನಿಸಬಾರದು. ಮೈಸೂರು ಕಡೆಯ ಪತ್ರಗಳಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಮರಾಠಿ ಪತ್ರಗಳಲ್ಲಿ ಮಗ ಎನ್ನುವುದಕ್ಕೆ ‘ವಲದ್’ ಬರುತ್ತದೆ. ‘ಉರುಫ್’, ‘ಯಾನೆ’ ಎಂಬುವು ಮನೆಯಲ್ಲಿ ಕರೆಯುವ ಹೆಸರನ್ನು ತೋರಿಸುತ್ತವೆ. ಉತ್ತರದ ಪತ್ರಗಳಲ್ಲಿ ಮಗನ ಹೆಸರಿನ ಪಕ್ಕದಲ್ಲಿ ‘ಅ.ಪಾ.ಕ. ತಾಯಿ’ ಎಂದಿದ್ದರೆ ತಾಯಿ ಅಜ್ಞಾನ ಪಾಲನಕರ್ತೆಯಾಗಿದ್ದಳು, ಅಂದರೆ ಮಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡಿರಬೇಕು ಎಂದು ಊಹಿಸಬಹುದು.

ಪೂರ್ವಜರು ಶಾನುಭೋಗಿಕೆ, ಪಟೇಲಿಕೆ, ಕುಲಕರ್ಣಿಕೆ, ಗೌಡಿಕೆ ಮಾಡಿದ್ದರೆ ಅದೃಷ್ಟವೇ ಸರಿ. ವಂಶಪಾರಂಪರ್ಯದ ಹುದ್ದೆಗೆ ಹಕ್ಕು ಸಾಧಿಸಲು ವಂಶಾವಳಿಯನ್ನು ಸರ್ಕಾರಕ್ಕೆ ಕೊಡಬೇಕಿತ್ತು. ಮುಂಬಯಿ ಪ್ರಾಂತದಲ್ಲಿ ಇನಾಂ (ತೆರಿಗೆ ವಿನಾಯಿತಿಯ) ಭೂಮಿಯ ಹಕ್ಕುಗಳ ಬಗ್ಗೆ 1852ರ ಕಾಯಿದೆಯ ಇನಾಂ ಕಮಿಷನ್ ನಡೆಸಿದ ವಿಚಾರಣೆಗಳಲ್ಲೂ ವತನದ (ವಂಶಪಾರಂಪರ್ಯ ಹುದ್ದೆ ಮತ್ತು ಅದರ ಜಮೀನಿನ) ತಕರಾರುಗಳಲ್ಲೂ ಇಂಥ ವಂಶಾವಳಿಗಳು ಸೇರಿಕೊಂಡಿವೆ. ಸಿವಿಲ್ ನ್ಯಾಯಾಲಯದಲ್ಲಿ ಪಾಲು ಕೇಳಿ ಹೂಡಿದ ದಾವೆಯ ಫಿರ್ಯಾದಿನಲ್ಲೂ ವಂಶವೃಕ್ಷ ಇದ್ದೇ ಇರುತ್ತದೆ. ಜಗಳವಾಡಿದ ಮನೆತನದ ಚರಿತ್ರೆ ಸೌಹಾರ್ದದಿಂದ ಬದುಕಿದವರದ್ದಕ್ಕಿಂತ ಚೆನ್ನಾಗಿ ಉಳಿದಿರುತ್ತದೆ. ಆದರೆ ಅದನ್ನು ಬರೆಸಿದವರಿಗೆ ಆಸ್ತಿಯ ಹಿತಾಸಕ್ತಿಯಿತ್ತೆಂಬುದನ್ನು ನೆನಪಿಡಬೇಕು: ಬಿಟ್ಟುಹೋದ ಮಗ, ದತ್ತು ಅಲ್ಲವೆಂದು ಹೇಳಲಾದ ಮಗ, ಹೆಸರೇ ಇಲ್ಲದ ಎರಡನೆಯ ಹೆಂಡತಿ ಎದುರು ಪಕ್ಷದ ಜವಾಬಿನಲ್ಲಿ ಸಿಗುತ್ತಾರೆ.

ಭೂಮಿಯಿಲ್ಲದ ಕುಟುಂಬಗಳಿಗೆ ಈ ದಾರಿ ಕಿರಿದು, ಮುಚ್ಚಿಲ್ಲ. ತೋಟಿ, ತಳವಾರ, ನೀರಗಂಟಿಗಳಿಗೆ ಚಾಕರಿ ಇನಾಮಿನ ತುಂಡು ನೆಲ ಇರುತ್ತಿತ್ತು. ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆಯಡಿ ಅದನ್ನು ಮರುಮಂಜೂರು ಮಾಡಿದ ಕಡತಗಳಲ್ಲಿ ಅನುಭವದಲ್ಲಿದ್ದವರ ತಲೆಮಾರುಗಳು ನಮೂದಾಗಿವೆ. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾಗಿ, ಸಿಕ್ಕ ಜಮೀನಿಗೆ ಸಾಗುವಳಿ ಚೀಟಿ ಇರುತ್ತದೆ. ಗೇಣಿದಾರರಾಗಿದ್ದವರು ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಅರ್ಜಿ ಹಾಕಿದ್ದರೆ, ಭೂ ನ್ಯಾಯಮಂಡಳಿಯ ಮುಂದೆ ‘ನಮ್ಮಪ್ಪನ ಕಾಲದಿಂದ ಉಳುತ್ತಿದ್ದೇವೆ’ ಎಂದು ಕೊಟ್ಟ ಹೇಳಿಕೆ ಆ ಕಡತದಲ್ಲಿರಬಹುದು. ಓದುಬರಹ ಬಾರದ ಅಜ್ಜನ ಮಾತು ಕಾಗದದ ಮೇಲೆ ಉಳಿದಿರುವ ಏಕೈಕ ಜಾಗ ಅನೇಕರ ಪಾಲಿಗೆ ಅದೇ. ಕ್ರೈಸ್ತ ಕುಟುಂಬಗಳು ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕಗಳನ್ನೂ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ದಾಖಲೆಗಳನ್ನೂ, ಮುಸ್ಲಿಂ ಕುಟುಂಬಗಳು ಖಾಜಿಗಳ ನಿಕಾಹ್ ಪುಸ್ತಕಗಳನ್ನೂ ನೋಡಬೇಕು.

ಹೆಳವರು, ಶಾಸನಗಳು, ದಂತಕಥೆಗಳು

ಉತ್ತರ ಕರ್ನಾಟಕದವರಾದರೆ ಹೆಳವರನ್ನು ವಿಚಾರಿಸದೆ ಇರಬೇಡಿ. ಸುಗ್ಗಿಯ ನಂತರ ಎತ್ತಿನೊಂದಿಗೆ ಮನೆಬಾಗಿಲಿಗೆ ಬಂದು ಆ ಮನೆತನದ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವುದು ಅವರ ಕುಲಕಸುಬು. ಪ್ರತಿ ಹೆಳವ ಮನೆತನಕ್ಕೂ ಗೊತ್ತುಮಾಡಿದ ಊರುಗಳಿರುವುದರಿಂದ ನಿಮ್ಮ ಊರಿಗೆ ಬರುತ್ತಿದ್ದವರು ಯಾರೆಂದು ಊರ ಗೌಡರನ್ನು ಕೇಳಬೇಕು. ಅವರು ಹೇಳುವಾಗ ಧ್ವನಿಮುದ್ರಣ ಮಾಡಿಕೊಳ್ಳಿ, ನಡುವೆ ತಡೆದು ಪ್ರಶ್ನಿಸಬೇಡಿ. ಸರಣಿ ಕಡಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಕೊಟ್ಟ ದಾನವೂ ಹೆಚ್ಚು ಹೊಗಳಿಕೆಯೂ ಜೊತೆಜೊತೆಗೆ ಹೋಗಬಹುದಾದ್ದರಿಂದ ಪರಾಕ್ರಮದ ಭಾಗವನ್ನು ಬಿಟ್ಟು ಹೆಸರು ಮತ್ತು ಊರುಗಳನ್ನು ಇಟ್ಟುಕೊಳ್ಳುವುದು ಲೇಸು.

ಶಾಸನಗಳಿಗೆ ಬಿ. ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ತಾಲ್ಲೂಕುವಾರಿಯಾಗಿವೆ. ನಿಮ್ಮ ಊರಿನ ಸುತ್ತಲಿನ ಹತ್ತು ಹಳ್ಳಿಗಳನ್ನು ಅಲ್ಲಿ ಹುಡುಕಬಹುದು. ಊರ ಮುಂದಿನ ವೀರಗಲ್ಲಿನಲ್ಲಿ ಸತ್ತವನು ನಿಮ್ಮ ಪೂರ್ವಜನೆಂದು ಸಾಧಿಸುವುದು ಬಹುಪಾಲು ಅಸಾಧ್ಯ. ಶಾಸನದ ಉಪಯೋಗ ಬೇರೆ: ಊರು ಎಷ್ಟು ಹಳೆಯದು, ಕೆರೆ ಯಾವಾಗ ಕಟ್ಟಿದ್ದು, ಊರು ಅಗ್ರಹಾರವಾಗಿತ್ತೇ ಎಂಬುದು ತಿಳಿದರೆ ನಿಮ್ಮವರು ಅಲ್ಲಿಗೆ ಏಕೆ ಬಂದಿರಬಹುದೆಂಬ ಊಹೆಗೆ ಒಂದು ಚೌಕಟ್ಟು ಸಿಗುತ್ತದೆ.

ವಲಸೆಯ ಕಥೆಗಳನ್ನು ಹೀಗೆಯೇ ಒರೆಗೆ ಹಚ್ಚಬೇಕು. ಹೆಣ್ಣು ಕೇಳಿದ ಅರಸನಿಗೆ ಹೆದರಿ ರಾತ್ರೋರಾತ್ರಿ ಹೊರಟರು, ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು ಎಂಬ ಕಥೆ ಹಲವು ಜಾತಿಗಳಲ್ಲಿದೆ. ಆದ್ದರಿಂದ ಅದು ನಿಮ್ಮ ಮನೆಯ ಘಟನೆಯಲ್ಲ. ಆದರೆ ಯಾವ ಹೊಳೆ, ಯಾವ ದಡದಿಂದ ಯಾವ ದಡಕ್ಕೆ ಎಂಬ ವಿವರದಲ್ಲಿ ನಿಜವಾದ ದಿಕ್ಕು ಅಡಗಿರಬಹುದು. ಗುಳೆ ಹೋದದ್ದು ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ ಎಂದು ಹೇಳಿದರೆ, ಅದಕ್ಕಿಂತ ಹಿಂದಿನ ದಾಖಲೆಯಲ್ಲಿ ಈಗಿನ ಊರಿನಲ್ಲಿ ನಿಮ್ಮವರ ಹೆಸರು ಇರಬಾರದು. ಇದ್ದರೆ ಕಥೆ ತಪ್ಪು. 1898ರ ಬೆಂಗಳೂರಿನ ಪ್ಲೇಗು, 1918ರ ಇನ್‌ಫ್ಲುಯೆಂಜಾ ಒಂದೇ ವರ್ಷದಲ್ಲಿ ಒಂದು ಮನೆಯ ಹಲವು ಹೆಸರುಗಳು ಮಾಯವಾಗುವುದಕ್ಕೆ ಕಾರಣವಾಗಿರಬಹುದು. ಊರೇ ನಕ್ಷೆಯಲ್ಲಿ ಸಿಗದಿದ್ದರೆ ಅಣೆಕಟ್ಟುಗಳನ್ನು ನೆನೆಯಬೇಕು: ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿ ಜಲಾಶಯಗಳಲ್ಲಿ ಮುಳುಗಿದ ಊರುಗಳಿಗೆ ಪರಿಹಾರ ಮತ್ತು ಪುನರ್ವಸತಿಯ ಪಟ್ಟಿಗಳಿವೆ, ಮನೆಯ ಯಜಮಾನರ ಹೆಸರನ್ನು ಅಲ್ಲಿ ಹುಡುಕಬಹುದು.

ಕೊನೆಯದಾಗಿ ಒಂದು ವ್ಯಾವಹಾರಿಕ ಎಚ್ಚರಿಕೆ. ನಗರದಿಂದ ಬಂದ ನೆಂಟರು ಹಳೆಯ ಪಹಣಿ, ವಂಶವೃಕ್ಷ ಎಂದು ಮಾತು ತೆಗೆದರೆ ಹಳ್ಳಿಯಲ್ಲಿ ಮೊದಲು ಹುಟ್ಟುವುದು ‘ಪಾಲು ಕೇಳಲು ಬಂದರೇ’ ಎಂಬ ಅನುಮಾನ. ಆದ್ದರಿಂದ ಮೊದಲ ಭೇಟಿಯಲ್ಲಿ ಸರ್ವೆ ನಂಬರಿನ ಮಾತೆತ್ತದೆ ಮನೆದೇವರ ಜಾತ್ರೆಯ ಬಗ್ಗೆ ಕೇಳಿ. ಎರಡನೆಯ ಭೇಟಿಗೆ ಹೋಗುವಾಗ ನೀವು ಬರೆದ ವಂಶಾವಳಿಯ ಪ್ರತಿಯೊಂದನ್ನು ಒಯ್ದು, ಅವರ ಅಕ್ಕತಂಗಿಯರ, ಅತ್ತೆಯರ ಹೆಸರುಗಳಿಗೆ ಬಿಟ್ಟ ಖಾಲಿ ಜಾಗವನ್ನು ತೋರಿಸಿ. ಕೊಟ್ಟ ಹೆಣ್ಣುಮಕ್ಕಳ ಹೆಸರು ಯಾವ ಕಚೇರಿಯ ಪುಸ್ತಕಕ್ಕಿಂತಲೂ ಹೆಚ್ಚಾಗಿ ಆ ಜಗಲಿಯ ಮೇಲೆ ಕುಳಿತ ಹೆಂಗಸರ ನೆನಪಿನಲ್ಲಿರುತ್ತದೆ. ಅವರು ಹೇಳಿದ್ದನ್ನು ಬರೆಯುವಾಗ ಹೇಳಿದವರ ಹೆಸರು ಮತ್ತು ತಾರೀಖನ್ನು ಪಕ್ಕದಲ್ಲೇ ಗುರುತು ಮಾಡಿ, ಕಾಗದದ ಆಧಾರ ಸಿಗುವವರೆಗೆ ಪೆನ್ಸಿಲಿನಲ್ಲೇ ಇರಿಸಿ.